ಬ್ರೇಕಿಗೆ ಕುಡಿಸಿದ ನೀರು

ಲಾ ತ್ರಿನಿದಾದ್,
3 ಸೆಪ್ಟೆಂಬರ್ 1991

ಅಪ್ಪನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಅದಕ್ಕೇ ಕೇಳುತ್ತಿಲ್ಲ. ರೂಬೆನ್ ಜೈಲು ಸೇರಿ ಇವತ್ತಿಗೆ ಎಂಟು ದಿನ. ನಿನ್ನ ಅಳಿಯ, ನಿನ್ನ ಲಾರಿ, ನೀನು ತುಂಬಿಸಿದ ಎಲೆಕೋಸು. ಈ ಎಂಟು ದಿನದಲ್ಲಿ ಅಬಾತಾನಿನಿಂದ ಇಲ್ಲಿಗೆ ಎಷ್ಟೋ ಬಸ್ಸು ಬಂದವು, ನೀನು ಒಂದರಿಂದಲೂ ಇಳಿಯಲಿಲ್ಲ. ಆದರೆ ಠಾಣೆಗೆ ಮಾತ್ರ ಮರುದಿನವೇ ಹೋಗಿದ್ದೆಯಂತೆ. "ನನ್ನ ಅಳಿಯ ಸ್ವಲ್ಪ ಕುಡೀತಾನೆ" ಎಂದು ಹೇಳಿ ಸಹಿ ಹಾಕಿ, ಲಾರಿ ಬಿಡಿಸಿಕೊಂಡು ಬಂದೆಯಂತೆ. ಅಳಿಯನಿಗಿಂತ ಲಾರಿ ಬೇಗ ಹೊರಗೆ ಬಂತು.

ನಿನ್ನೆ ಅವನನ್ನು ನೋಡಲು ಹೋಗಿದ್ದೆ. ಕಾಟಲಿನಾ ಅಜ್ಜಿಯ ಹೆಸರು ಎತ್ತಿದರೆ ಗೋಡೆಯ ಕಡೆ ತಿರುಗುತ್ತಾನೆ. ತಿರುವಿನಲ್ಲಿ ಸೀಮೆಬದನೆ ಮಾರಿಕೊಂಡು ಕೂತಿದ್ದ ಮುದುಕಿ, ಎಪ್ಪತ್ತೊಂದು ವರ್ಷ, ಲಾರಿ ಮೈಮೇಲೆ ಬಂದಾಗ ಎದ್ದು ಓಡಲೂ ಆಗಲಿಲ್ಲ. ಬ್ರೇಕಿನ ಬಗ್ಗೆ ಕೇಳಿದಾಗ ಮಾತ್ರ ಬಾಯಿ ಬಿಟ್ಟ. "ಮೇಲಿಂದ ಇಳಿಯೋವಾಗ ಎಲ್ಲಾ ಗಟ್ಟಿ ಇತ್ತು ಪಿಲಾ. ಬ್ರೇಕ್ ತಣ್ಣಗಿಡೋಕೆ ಸುರಿಯೋ ಡ್ರಮ್ಮಿನ ನೀರು ಅರ್ಧ ದಾರಿಗೇ ಮುಗೀತು. ತುಂಬ್ಕೊಳ್ಳೋಣ ಅಂದ್ರೆ ಹೋದ್ವರ್ಷ ಭೂಕಂಪ ಆದ್ಮೇಲೆ ರಸ್ತೆ ಪಕ್ಕದ ಆ ಝರಿ ಎಲ್ಲಿದೆ? ಹಾಗೇ ಇಳಿದೆ. ಕಡೇ ಇಳಿಜಾರಲ್ಲಿ ಒತ್ತಿದ್ರೆ ಪೆಡಲ್ ನೆಲಕ್ಕೇ ಹೋಯ್ತು. ಹತ್ತಿ ಮೂಟೆ ಮೇಲೆ ಕಾಲಿಟ್ಟ ಹಾಗೆ."

ಪೊಲೀಸರು ಒಂದು ಗಂಟೆ ಕಳೆದ ಮೇಲೆ ಬಂದು ಅದೇ ಪೆಡಲ್ ಒತ್ತಿದರು. ಕಲ್ಲಿನ ಹಾಗಿತ್ತು. "ಬ್ರೇಕ್ ಸರಿಯಾಗಿದೆ, ಹಾಗಾದ್ರೆ ಕಾಲು ಸರಿ ಇರ್ಲಿಲ್ಲ" ಎಂದು ನಕ್ಕರಂತೆ. ರೂಬೆನ್ ಅವತ್ತು ಒಂದು ಹನಿಯನ್ನೂ ಕುಡಿದಿರಲಿಲ್ಲ. ಬೆಳಗಿನ ತಿಂಡಿ ನಿನ್ನ ಮನೆಯಲ್ಲೇ ಆಗಿತ್ತಲ್ಲ, ನಿನಗೆ ಗೊತ್ತು.

ಒಂದೇ ಪ್ರಶ್ನೆ. ಹೊರಡುವ ಮುಂಚೆ ಬ್ರೇಕಿಗೆ ಏನು ಹಾಕಿದೆ?

ನಿನ್ನ ಮಗಳು,
ತಿಯೋಫಿಲಾ


ಅಬಾತಾನ್,
10 ಸೆಪ್ಟೆಂಬರ್ 1991

ಮಗಳು ತಿಯೋಫಿಲಾಗೆ,

ಮೊದಲನೆಯದಾಗಿ, ಬಸ್ ಕಂಡಕ್ಟರ್ ಕೈಯಲ್ಲಿ ಪತ್ರ ಕೊಡುವುದನ್ನು ನಿಲ್ಲಿಸು. ಆ ಮಹಾಶಯ ನನಗೆ ತಲುಪಿಸುವ ಮುಂಚೆ ಅರ್ಧ ಪೇಟೆಗೆ ಓದಿ ಹೇಳಿದ್ದಾನೆ. ಇನ್ನು ಮೇಲೆ ಅಂಚೆಗೆ ಹಾಕು. ನಾಲ್ಕು ದಿನ ತಡವಾದರೂ ಮರ್ಯಾದೆ ಉಳಿಯುತ್ತದೆ.

ಎರಡನೆಯದಾಗಿ, ನಾನು ಈ ರಸ್ತೆಯ ಲಾರಿಗಳನ್ನು ನಲವತ್ತು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ನೀನು ಹುಟ್ಟುವ ಮುಂಚೆ ಈ ಗುಡ್ಡದಲ್ಲಿ ಬ್ರೇಕು ಅಂದರೆ ಏನೆಂದು ಗೊತ್ತಿದ್ದವನು ನಾನೊಬ್ಬನೇ. ನಾಲ್ಕು ಪುಸ್ತಕ ಓದಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನನಗೆ ಪ್ರಶ್ನೆ ಪತ್ರಿಕೆ ಕಳಿಸುವಷ್ಟು ದೊಡ್ಡವಳಾದೆ, ಸಂತೋಷ.

ನಾನೇನು ಕೈಕಟ್ಟಿ ಕೂತಿಲ್ಲ. ಹಿರಿಯರ ಕೂಟ ಕರೆಸಿದೆ. ಕಾಟಲಿನಾಳ ಮಕ್ಕಳ ಎದುರು ಕೂತೆ, ನನ್ನ ಹಂದಿಗಳಲ್ಲಿ ದೊಡ್ಡದನ್ನೇ ಕೊಟ್ಟೆ, ಎಲ್ಲರೂ ಒಟ್ಟಿಗೆ ಊಟ ಮಾಡಿ ಎದ್ದೆವು. ಅವಳ ಹಿರಿಮಗ ನನ್ನ ಕೈ ಹಿಡಿದು "ನಿಮ್ಮ ತಪ್ಪೇನಿದೆ ಮಾಮಾ, ಅಳಿಯ ಹಾಗೆ ಸಿಕ್ಕಿದ್ರೆ ನೀವೇನು ಮಾಡ್ತೀರಿ" ಅಂದ. ನಾನು ತಲೆಯಾಡಿಸಿದೆ. ಮತ್ತೇನು ಮಾಡಬೇಕಿತ್ತು?

ಡ್ರೈವರುಗಳು ಕುಡಿಯುತ್ತಾರೆ. ನಿನ್ನ ಅಣ್ಣನೂ ಹಾಗೇ ಹೋದವನು. ಆಗ ಜೊತೆಯಲ್ಲಿದ್ದ ಇಬ್ಬರು ನೆರೆಯವರನ್ನೂ ಕರೆದುಕೊಂಡು ಹೋದ. ನಿನ್ನ ಅಮ್ಮ ಇವತ್ತಿಗೂ ಆ ಮನೆಯ ಮುಂದೆ ತಲೆ ತಗ್ಗಿಸಿಕೊಂಡು ನಡೆಯುತ್ತಾಳೆ. ಗಂಡಸರ ಮಾತನ್ನೆಲ್ಲ ನಂಬಬೇಡ.

ನಿನ್ನ ತಂದೆ,
ಮರ್ಸೆಲೊ ಬಯಕ್ಸನ್


ಲಾ ತ್ರಿನಿದಾದ್,
16 ಸೆಪ್ಟೆಂಬರ್ 1991

ಅಪ್ಪನಿಗೆ,

ನಾನು ಕೇಳಿದ್ದು ಒಂದು ಪ್ರಶ್ನೆ. ನೀನು ಬರೆದದ್ದು ಒಂದೂವರೆ ಪುಟ. ಉತ್ತರ ಅದರಲ್ಲಿ ಎಲ್ಲೂ ಇಲ್ಲ. ನನ್ನ ತರಗತಿಯಲ್ಲಿ ಹೀಗೆ ಬರೆದವರಿಗೆ ಸೊನ್ನೆ ಹಾಕುತ್ತೇನೆ.

ಈ ಪತ್ರದ ಜೊತೆಗೆ ಎರಡು ಸಿರಿಂಜ್ ಇಟ್ಟಿದ್ದೇನೆ, ಹಂದಿಗಳಿಗೆ ಚುಚ್ಚುವಂಥದ್ದು, ಸೂಜಿ ತೆಗೆದಿದ್ದೇನೆ. ಒಂದಕ್ಕೆ ನೀರು ತುಂಬು. ಇನ್ನೊಂದರಲ್ಲಿ ಬರೀ ಗಾಳಿ ಇರಲಿ. ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಂದಿನಿಂದ ಒತ್ತು. ನೀರಿನದು ಅಲ್ಲಾಡುವುದಿಲ್ಲ. ಗಾಳಿಯದು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಹೈಸ್ಕೂಲಿನ ಎರಡನೇ ವರ್ಷದ ಮಕ್ಕಳು ಇದನ್ನು ಆಟವಾಡಿಕೊಂಡು ಮಾಡುತ್ತಾರೆ.

ಯಾಕೆ ಹಾಗೆ ಅಂದರೆ, ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಣಗಳಿಂದ ಆಗಿದೆ. ದ್ರವದಲ್ಲಿ ಆ ಕಣಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಸಂತೆಯ ದಿನದ ಜೀಪ್ನಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಜನರ ಹಾಗೆ. ಜಾರಬಹುದು, ಸರಿಯಬಹುದು, ಆದರೆ ಇನ್ನೂ ಒತ್ತಲು ಜಾಗವಿಲ್ಲ. ಅದಕ್ಕೇ ನಿನ್ನ ಕಾಲು ಒತ್ತಿದ್ದು ನೇರವಾಗಿ ಚಕ್ರಕ್ಕೆ ತಲುಪುತ್ತದೆ. ಅನಿಲದಲ್ಲಿ ಕಣಗಳು ದೂರ ದೂರ, ನಡುವೆ ಇರುವುದೆಲ್ಲ ಬರೀ ಖಾಲಿ ಜಾಗ. ಒತ್ತಿದರೆ ಆ ಖಾಲಿ ಜಾಗ ಕುಗ್ಗುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಪೆಡಲ್ ನೆಲಕ್ಕೆ ಹೋಗುತ್ತದೆ.

ಅವತ್ತು ಪೈಪಿನೊಳಗೆ ಅನಿಲವಿತ್ತು. ಒಂದು ಗಂಟೆ ಕಳೆದ ಮೇಲೆ ಇರಲಿಲ್ಲ. ಬಂದದ್ದೂ ತಾನೇ, ಹೋದದ್ದೂ ತಾನೇ. ಬ್ರೇಕ್ ಆಯಿಲ್ ಕುದಿಯಬೇಕಾದರೆ ಇನ್ನೂರು ಡಿಗ್ರಿ ದಾಟಬೇಕು. ನೀರು ನೂರಕ್ಕೇ ಕುದಿಯುತ್ತದೆ, ನಿಮ್ಮ ಎತ್ತರದಲ್ಲಿ ಇನ್ನೂ ಕಡಿಮೆಗೆ. ಅದಕ್ಕೇ ಅಲ್ಲವೇ ಅಮ್ಮ ಬೀನ್ಸ್ ಬೇಯುವುದಿಲ್ಲ ಎಂದು ಒಲೆಗೆ ಬಯ್ಯುವುದು? ಒಂದು ದೊಡ್ಡ ಚಮಚ ನೀರು ಆವಿಯಾದರೆ ಬಕೆಟ್ ತುಂಬುತ್ತದೆ. ಕಣಗಳು ಹೆಚ್ಚಾಗುವುದಿಲ್ಲ, ನಡುವಿನ ದೂರ ಹೆಚ್ಚಾಗುತ್ತದೆ, ಅಷ್ಟೆ. ತಣ್ಣಗಾದರೆ ಮತ್ತೆ ಹತ್ತಿರ ಬಂದು ನೀರಾಗುತ್ತವೆ. ಪೊಲೀಸರು ಬಂದು ಒತ್ತಿದರೆ ಕಲ್ಲಿನ ಹಾಗೆ.

ಬ್ರೇಕಿನೊಳಗೆ ನೀರು ಹೇಗೆ ಹೋಯಿತು ಅಪ್ಪ? ವಿಚಾರಣೆ ನವೆಂಬರ್ 6ಕ್ಕೆ.

ತಿಯೋಫಿಲಾ


ಅಬಾತಾನ್,
25 ಸೆಪ್ಟೆಂಬರ್ 1991

ತಿಯೋಫಿಲಾ,

ಸಿರಿಂಜ್ ತಲುಪಿತು. ಹಂದಿಗಳಿಗೆ ಬೇಕಾಗಿತ್ತು, ಒಳ್ಳೆಯದಾಯಿತು.

ನಿನ್ನ ಪಾಠ ಓದಿದೆ. ಅದರಲ್ಲಿ ನೀನೇ ಬರೆದಿದ್ದೀಯ, ನೀರನ್ನು ಒತ್ತಿದರೆ ಕುಗ್ಗುವುದಿಲ್ಲ ಎಂದು. ಇದನ್ನು ನನಗೆ ಯಾವ ಶಾಲೆಯೂ ಹೇಳಿಕೊಟ್ಟಿಲ್ಲ, ಆದರೂ ನಲವತ್ತು ವರ್ಷದಿಂದ ಗೊತ್ತು. ನೀರೂ ದ್ರವ, ಆಯಿಲೂ ದ್ರವ. ಎರಡೂ ಕಾಲಿನ ಒತ್ತಡವನ್ನು ಹೊರುತ್ತವೆ. ಬ್ರೇಕಿಗೂ ನೀರಿಗೂ ಏನು ವೈರ? ಈ ರಸ್ತೆಯಲ್ಲಿ ಓಡುವ ಯಾವ ಲಾರಿಯ ನೆತ್ತಿಯ ಮೇಲೆ ನೀರಿನ ಡ್ರಮ್ ಇಲ್ಲ ಹೇಳು. ಇಳಿಜಾರಿನುದ್ದಕ್ಕೂ ಬ್ರೇಕಿಗೆ ನೀರು ಕುಡಿಸಿಕೊಂಡೇ ಇಳಿಯುತ್ತೇವೆ. ಹೊರಗೆ ಸುರಿದರೆ ಅಮೃತ, ಒಳಗೆ ಹೋದರೆ ವಿಷವೇ? ಭೂಕಂಪದಿಂದ ರಸ್ತೆ ಕಿತ್ತುಹೋದ ಮೇಲೆ ಇಲ್ಲಿಗೆ ಆಯಿಲ್ ಡಬ್ಬಿ ಬರುವುದೇ ತಿಂಗಳಿಗೊಮ್ಮೆ. ಎಲೆಕೋಸು ತಿಂಗಳು ಕಾಯುವುದಿಲ್ಲ. ಹಾಕಿದೆ ಎಂದು ನಾನು ಹೇಳುತ್ತಿಲ್ಲ. ಕೆಟಲಿನಿಂದ ಒಂದಿಷ್ಟು ನೀರು ಹಾಕಿದ್ದರೂ ಅದರಿಂದ ಮುದುಕಿ ಸತ್ತಳು ಎನ್ನುವುದಕ್ಕೆ ನಿನ್ನ ಬಳಿ ಏನಿದೆ?

ಲಾರಿ ವಾಪಸು ಬಂದ ದಿನವೇ ಹಳೆಯ ಆಯಿಲ್ ಪೂರ್ತಿ ಬಸಿದು, ಠಾಣೆಯಿಂದ ಬರುವಾಗ ಕೊಂಡುತಂದ ಹೊಸದು ತುಂಬಿದ್ದೇನೆ. ಯಾವ ಮೆಕ್ಯಾನಿಕ್ ಆದರೂ ಮಾಡುವ ಕೆಲಸ. ಪರೀಕ್ಷೆ ಮಾಡಿಸುತ್ತೇನೆ ಎಂದು ಯಾರಾದರೂ ಬಂದರೆ ಬರಲಿ.

ನಿನ್ನ ಗಂಡನೇ ಏನೂ ಹೇಳುತ್ತಿಲ್ಲ, ನೀನು ಯಾಕೆ ಊರೆಲ್ಲ ಕೂಗುತ್ತೀಯ?

ನಿನ್ನ ತಂದೆ,
ಮರ್ಸೆಲೊ ಬಯಕ್ಸನ್


ಲಾ ತ್ರಿನಿದಾದ್,
1 ಅಕ್ಟೋಬರ್ 1991

ಅಪ್ಪನಿಗೆ,

ನಾನು ನೀರು ಎಂದು ಬರೆದಿದ್ದೆ. ಕೆಟಲ್ ಎಂದು ಬರೆದಿರಲಿಲ್ಲ.

ನಿನ್ನ ಪತ್ರ ಹಿಡಿದುಕೊಂಡು ಜೈಲಿಗೆ ಹೋದೆ. ಕೆಟಲ್ ಎಂಬ ಮಾತು ಓದಿದ ಕೂಡಲೇ ರೂಬೆನ್ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಮಡಿಸಿದ. ಅವನು ನೋಡಿದ್ದಾನೆ. ಕಾಫಿ ಲೋಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದನಂತೆ. ನೀನು ಬಾನೆಟ್ ಎತ್ತಿ, ಆಯಿಲ್ ಡಬ್ಬಿ ತಲೆಕೆಳಗು ಮಾಡಿ ಅಲ್ಲಾಡಿಸಿ, ಆಮೇಲೆ ಒಲೆಯ ಮೇಲಿದ್ದ ಕೆಟಲ್ ತಂದೆಯಂತೆ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಅಂದೆ.

"ನಿಮ್ಮಪ್ಪ ಅವ್ರು. ನನಗೆ ಲಾರಿ ಓಡಿಸೋದು ಕಲಿಸಿದವ್ರು. ಠಾಣೇಲಿ ನಿಂತು ಮಾವನ ಮೇಲೆ ಬೆರಳು ತೋರ್ಸ್ಲಾ?"

"ಅವರು ನಿನ್ನ ಮೇಲೆ ತೋರ್ಸಿದಾರಲ್ಲ."

"ತೋರ್ಸ್ಲಿ. ವಯಸ್ಸಾದವ್ರು, ಜೈಲಲ್ಲಿ ತಡ್ಕೊಳ್ಳಲ್ಲ. ಪತ್ರ ಕೋರ್ಟಿಗೆ ಕೊಟ್ರೆ ನಾನು ಸುಳ್ಳು ಅಂತ ಹೇಳ್ತೀನಿ, ನೋಡ್ತಾ ಇರು."

ನನಗೆ ಅವನ ಮೇಲೂ ಸಿಟ್ಟು ಬಂತು. ಎದ್ದು ಬಂದೆ. ಮೂವತ್ತೊಂದು ವರ್ಷದ ಗಂಡಸು ನಿನ್ನ ಮರ್ಯಾದೆಗೋಸ್ಕರ ಆರು ವರ್ಷ ಒಳಗಿರಲು ತಯಾರಾಗಿದ್ದಾನೆ. ನೀನು ಅವನನ್ನು ಕುಡುಕ ಎಂದು ಬರೆದುಕೊಟ್ಟಿದ್ದೀಯ. ನಾಚಿಕೆ ಎಂಬುದು ಆ ಮನೆಯಲ್ಲಿ ಅಮ್ಮನ ಪಾಲಿಗೆ ಮಾತ್ರ ಬಂದಿದೆಯೇ?

ನೀನು ಅರ್ಧ ಸರಿ ಅಪ್ಪ. ನೀರು ಕುಗ್ಗುವುದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಒತ್ತಿ ನೋಡಿದಾಗ ಪೆಡಲ್ ಗಟ್ಟಿಯಾಗಿಯೇ ಇದ್ದಿರುತ್ತದೆ, ಅದನ್ನು ನೋಡಿ ನೀನು ಧೈರ್ಯವಾಗಿ ಕಳಿಸಿರುತ್ತೀಯ. ನೀರು ನೀರಾಗಿರುವ ತನಕ ನಿನ್ನ ಲೆಕ್ಕ ಸರಿ. ಅದು ಆವಿಯಾದ ಮೇಲೆ ಏನು ಎಂಬುದನ್ನು ನಲವತ್ತು ವರ್ಷದಲ್ಲಿ ಒಂದು ಸಲವೂ ಯೋಚಿಸಲಿಲ್ಲ, ಯಾಕೆಂದರೆ ನಿನಗೆ ಯಾರನ್ನೂ ಕೇಳಿ ಅಭ್ಯಾಸವಿಲ್ಲ. ನನ್ನನ್ನು ನಂಬಬೇಡ. ನಿನ್ನ ಹತ್ತಿರ ಲಾರಿ ಇದೆ, ಬೆಂಕಿ ಇದೆ, ಕೆಟಲ್ ಇದೆ. ನೀನೇ ಮಾಡಿ ನೋಡು.

ನನಗೆ ಬೇಕಾದದ್ದು ಒಂದು ಪುಟ. ನೀರು ಹಾಕಿದ್ದು ನಾನು, ಕೆಳಗೆ ನಿನ್ನ ಸಹಿ. ಕೋರ್ಟಿಗೆ ಬಂದು ಅದನ್ನೇ ಬಾಯಲ್ಲಿ ಹೇಳಬೇಕು.

ತಿಯೋಫಿಲಾ


ಲಾ ತ್ರಿನಿದಾದ್,
14 ಅಕ್ಟೋಬರ್ 1991

ಅಪ್ಪನಿಗೆ,

ಎರಡು ವಾರವಾಯಿತು. ಉತ್ತರ ಬರೆಯಲು ಆಯಿಲ್ ಡಬ್ಬಿ ಬರಬೇಕಾಗಿಲ್ಲ.

ರೂಬೆನ್‌ಗೆ ಕೆಮ್ಮು ಹಿಡಿದಿದೆ. ವಕೀಲರು ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗಬಹುದು ಎನ್ನುತ್ತಿದ್ದಾರೆ. ಅವನು ಒಪ್ಪಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟಿದ್ದಾನೆ. 6ನೇ ತಾರೀಕು ಅವನು ಬಾಯಿ ತೆರೆಯುವ ಮುಂಚೆ ನಿನ್ನ ಪುಟ ಬರಬೇಕು. ಬರದಿದ್ದರೆ ನಾನು ಬಯಕ್ಸನ್ ಮನೆಯಲ್ಲಿ ಹುಟ್ಟಿದವಳಲ್ಲ.

ತಿಯೋಫಿಲಾ


ಅಬಾತಾನ್,
28 ಅಕ್ಟೋಬರ್ 1991

ಪಿಲಾ,

ಅಂಚೆಗೆ ಸಮಯವಿಲ್ಲ. ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ, ಟೈರ್ ಪಂಕ್ಚರಿನ ಅಂಟು ಹಾಕಿ ಮುಚ್ಚಿದ್ದೇನೆ. ತೆರೆಯುವಾಗ ಹರಿದರೆ ಹರಿಯಲಿ, ಒಳಗಿನ ಪುಟ ಹರಿಯದಂತೆ ನೋಡಿಕೊ. ಅದು ನೀನು ಕೇಳಿದ ಪುಟ. ಸಹಿ ಇದೆ.

ನಿನ್ನ ಸಿಟ್ಟಿಗೆ ಹೆದರಿ ಬರೆದದ್ದಲ್ಲ. ಶನಿವಾರ ನಿನ್ನ ಅಮ್ಮ ಸಂತೆಗೆ ಹೋದ ಮೇಲೆ ಲಾರಿಯ ಹಿಂದಿನ ಚಕ್ರ ಬಿಚ್ಚಿದೆ. ಅವತ್ತು ಹಾಕಿದ್ದಷ್ಟೇ ನೀರು ಹಾಕಿದೆ. ಪೆಡಲ್ ಒತ್ತಿದೆ, ಗಟ್ಟಿ. ಬ್ಲೋ ಲ್ಯಾಂಪ್ ತೆಗೆದುಕೊಂಡು ಚಕ್ರದ ಸಿಲಿಂಡರ್ ಕಾಯಿಸಿದೆ. ಹೋಗಿ ಒತ್ತಿದೆ, ಇನ್ನೂ ಗಟ್ಟಿ. ನಿನ್ನನ್ನು ಬೈದುಕೊಂಡು ಮತ್ತೆ ಕಾಯಿಸಿದೆ. ಆಮೇಲೆ ಒತ್ತಿದಾಗ ನನ್ನ ಕಾಲು ನೆಲಕ್ಕೆ ತಾಗಿತು. ಸಿಗರೇಟು ಸೇದಿಕೊಂಡು ಅಲ್ಲೇ ಕೂತೆ. ತಣ್ಣಗಾದ ಮೇಲೆ ಒತ್ತಿದೆ, ಕಲ್ಲು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಹಾಗೇ. ಎಲ್ಲ ಬಸಿದು ಹೊಸ ಆಯಿಲ್ ತುಂಬಿ, ಅಷ್ಟೇ ಹೊತ್ತು ಕಾಯಿಸಿದೆ. ಪೆಡಲ್ ಜಗ್ಗಲಿಲ್ಲ.

ನಿನ್ನ ಪುಸ್ತಕ ಸರಿ. ನಿನಗೆ ಬೇಕಾಗಿದ್ದು ಇಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸು, ಮುಂದಿನದನ್ನು ಓದಬೇಡ.

ನಿನ್ನ ಅಣ್ಣ ಅಲಿಪಿಯೊ ಹೊರಟ ದಿನವೂ ಆಯಿಲ್ ಇರಲಿಲ್ಲ. ಜೂನ್ ತಿಂಗಳು, ಮಣ್ಣು ಕುಸಿದು ರಸ್ತೆ ಮುಚ್ಚಿತ್ತು, ಒಂದು ವಾರದ ಕ್ಯಾರೆಟ್ ಕೊಳೆಯುತ್ತಿತ್ತು. ಅವತ್ತೂ ಕೆಟಲ್ ತಂದವನು ನಾನೇ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಏನಪ್ಪಾ, ಬ್ರೇಕಿಗೂ ಕಾಫಿ ಕುಡಿಸ್ತಿದೀಯಾ?" ಎಂದು ನಕ್ಕ. ನಾನು "ಮುಚ್ಕೊಂಡು ಹೊರಡೋ" ಅಂದೆ. ಅದೇ ಕಡೆಯ ಮಾತು.

ಲಾರಿಯನ್ನು ಕಣಿವೆಯಿಂದ ಎತ್ತಿದಾಗ ಎಲ್ಲರಿಗಿಂತ ಮುಂಚೆ ಒಳಗೆ ಹೋದವನು ನಾನು. ಪೆಡಲ್ ಒತ್ತಿದೆ. ಗಟ್ಟಿಯಾಗಿತ್ತು. ಅಷ್ಟಕ್ಕೇ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮಗ ಸತ್ತಿದ್ದಾನೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಸೀಟಿನ ಕೆಳಗೆ ಜಿನ್ ಬಾಟಲಿ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ನೋಡಿದವರೆಲ್ಲ ಕುಡಿದಿದ್ದ ಅಂದರು. ಬಾಟಲಿಯ ಸೀಲು ಒಡೆದಿರಲಿಲ್ಲ ಪಿಲಾ. ಅದನ್ನು ನಾನು ಯಾರಿಗೂ ತೋರಿಸಲಿಲ್ಲ. ಮನೆಗೆ ಬಂದು ಹಿತ್ತಲಲ್ಲಿ ಒಡೆದು ಹೂತೆ.

ಬ್ರೇಕ್ ಗಟ್ಟಿ ಇತ್ತಲ್ಲ, ನನ್ನ ತಪ್ಪಿಲ್ಲ ಎಂದುಕೊಂಡೇ ಹನ್ನೊಂದು ವರ್ಷ ಕಳೆದೆ. ನೀನು ತಣ್ಣಗಾದರೆ ಮತ್ತೆ ನೀರಾಗುತ್ತದೆ ಎಂದು ಬರೆದ ಸಾಲನ್ನು ಓದಿದ ದಿನವೇ ನನಗೆ ಅರ್ಥವಾಗಿತ್ತು. ರೂಬೆನ್‌ನನ್ನು ಬಿಡಿಸುವುದಕ್ಕೆ ನನಗೇನೂ ಕಷ್ಟವಿರಲಿಲ್ಲ. ಅವನ ಲಾರಿಯಲ್ಲಿ ನೀರು ತಪ್ಪಾದರೆ ಅಲಿಪಿಯೊ ಲಾರಿಯಲ್ಲೂ ತಪ್ಪು. ಅದಕ್ಕೇ ನಿನ್ನ ಜೊತೆ ಜಗಳವಾಡಿದೆ.

ಅಪ್ಪ


ಲಾ ತ್ರಿನಿದಾದ್,
30 ಅಕ್ಟೋಬರ್ 1991

ಅಪ್ಪನಿಗೆ,

ಪುಟ ವಕೀಲರಿಗೆ ಕೊಟ್ಟೆ. ನೀನು ಎದ್ದು ನಿಂತು ಹೇಳಿದರೆ ರೂಬೆನ್ ಅದೇ ಸಂಜೆ ಮನೆಗೆ ಬರಬಹುದು, ಆದರೆ ಆಮೇಲೆ ಪೊಲೀಸರು ನಿನ್ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ ಎಂದರು. ಕೇಳಲಿ. ರೂಬೆನ್‌ಗೆ ಈ ವಿಷಯ ತಿಳಿಸಿದೆ. ಸುಳ್ಳು ಎನ್ನುವ ಧೈರ್ಯ ಈಗ ಅವನಿಗಿಲ್ಲ, ಅಳುತ್ತಾ ಕೂತಿದ್ದ.

ಉಳಿದದ್ದಕ್ಕೆ ಏನು ಬರೆಯಲಿ? ಆಗ ನನಗೆ ಹದಿನೇಳು. ಕಾಲೇಜಿನಲ್ಲಿ ನನ್ನನ್ನು ಕುಡುಕನ ತಂಗಿ ಎಂದು ಕರೆಯುತ್ತಿದ್ದರು. ನಾನೂ ಅವನನ್ನು ಬೈದಿದ್ದೇನೆ ಅಪ್ಪ, ಸತ್ತವನನ್ನು. ಬಾಟಲಿ ಹಿಡಿದುಕೊಂಡು ಹೊರಗೆ ಬಂದೆಯಲ್ಲ, ಆ ಕೈ ನೆನಪಾದರೆ ಮೈಯೆಲ್ಲ ಉರಿಯುತ್ತದೆ. ನೀರು ಹಾಕಿದ್ದು ತಿಳಿಯದೆ. ಅದನ್ನು ಎಂದಾದರೂ ನುಂಗಿಕೊಂಡೇನು. ಸೀಲು ಒಡೆಯದ ಬಾಟಲಿಯನ್ನು ನುಂಗುವುದು ನನ್ನ ಕೈಲಿ ಆಗುವುದಿಲ್ಲ.

ನಾಡಿದ್ದು ಸತ್ತವರ ದಿನ, ಅದಕ್ಕೇ ಇದನ್ನೂ ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಅಮ್ಮ ಪ್ರತಿ ವರ್ಷದ ಹಾಗೆ ತನ್ನ ಅಪ್ಪ ಅಮ್ಮನಿಗೆ, ಅತ್ತೆ ಮಾವನಿಗೆ, ಆ ಇಬ್ಬರು ನೆರೆಯವರಿಗೂ ಮೇಣದಬತ್ತಿ ಹಚ್ಚಿ, ಅಲಿಪಿಯೊ ಸಮಾಧಿಯನ್ನು ದಾಟಿಕೊಂಡು ಬರುತ್ತಾಳೆ. ಅವಳು ದಾಟುವ ಮುಂಚೆ ನೀನು ಹೇಳಬೇಕು. ನನ್ನ ಬಾಯಲ್ಲಿ ಅವಳು ಕೇಳಬಾರದು, ಕೋರ್ಟಿನಲ್ಲಿ ಕೇಳಬಾರದು. ಹೇಳದಿದ್ದರೆ ಮುಂದೆಂದೂ ನನಗೆ ಬರೆಯಬೇಡ.

ತಿಯೋಫಿಲಾ


ಅಬಾತಾನ್,
3 ನವೆಂಬರ್ 1991

ಪಿಲಾ,

ಹೇಳಿದೆ.

ಮನೆಯಲ್ಲೇ ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಸ್ಮಶಾನದ ಗೇಟಿನಲ್ಲೂ ಬರಲಿಲ್ಲ. ಜನವೋ ಜನ, ಎಲ್ಲರೂ ಕಲ್ಲು ತೊಳೆಯುತ್ತಾ, ಸುಣ್ಣ ಬಳಿಯುತ್ತಾ, ಅಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತಾ ಇದ್ದರು. ಅವಳು ನೆರೆಯವರ ಸಮಾಧಿಯ ಮುಂದೆ ಬಗ್ಗಿ ಬತ್ತಿ ಹಚ್ಚುವಾಗ ಹಿಂದೆ ನಿಂತು ಹೇಳಿದೆ. ಕೆಟಲಿನದೂ ಹೇಳಿದೆ, ಬಾಟಲಿಯದೂ ಹೇಳಿದೆ. ಅವಳು ತಿರುಗಲಿಲ್ಲ. ಕಡ್ಡಿ ಬೆರಳಿನ ತನಕ ಉರಿದು ಬಂದರೂ ಬಿಡಲಿಲ್ಲ.

ಆಮೇಲೆ ಎದ್ದು ಅಲಿಪಿಯೊ ಹತ್ತಿರ ಹೋಗಿ ಕೂತಳು. ಹನ್ನೊಂದು ವರ್ಷದ ಕಳೆ, ಹೆಸರೇ ಕಾಣುತ್ತಿರಲಿಲ್ಲ. ಬರಿಗೈಯಲ್ಲಿ ಕೀಳತೊಡಗಿದಳು. ನಾನು ಬಗ್ಗಿ ಒಂದು ಎಳೆ ಹಿಡಿದೆ. "ಮುಟ್ಬೇಡ" ಅಂದಳು. ಎದ್ದು ನಿಂತೆ. ಮಧ್ಯಾಹ್ನ ಪೂರ್ತಿ ಅವಳು ಕಿತ್ತಳು, ನಾನು ನಿಂತಿದ್ದೆ. ಬೇರೆಯವರ ಹೆಸರಿಗೆ ತಂದಿದ್ದ ಬತ್ತಿಗಳನ್ನೂ ಸೇರಿಸಿ ಉಳಿದದ್ದೆಲ್ಲ ಅವನಿಗೇ ಹಚ್ಚಿದಳು.

ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಆಡಿದಳು. "ನಾನು ಅವನಿಗೆ ಶಾಪ ಹಾಕ್ದಾಗೆಲ್ಲ ನೀನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ" ಅಂದಳು. ಹೌದು ಅಂದೆ. ಬೆಳಿಗ್ಗೆ ಅವಳೇ ಆ ನೆರೆಯವರ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಬರುವಾಗ ತಲೆ ಎತ್ತಿಕೊಂಡು ಬಂದಳು.

ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಬುಧವಾರ ಜಡ್ಜ್ ಎದುರು ಎರಡೂ ಲಾರಿಯ ವಿಷಯ ಹೇಳುತ್ತೇನೆ. ರೂಬೆನ್‌ಗೆ ಒಂದು ಸ್ವೆಟರ್ ತರುತ್ತಿದ್ದೇನೆ, ನಾನು ಕೊಟ್ಟದ್ದು ಎಂದು ಹೇಳದೆ ಕೊಡು.

ನಿನ್ನ ಅಮ್ಮನೂ ಬರುತ್ತಾಳೆ. ನಾನು ಹೇಳುವುದನ್ನು ತನ್ನ ಕಿವಿಯಾರೆ ಕೇಳಬೇಕಂತೆ. ನನ್ನ ಪಕ್ಕದಲ್ಲಿ ಕೂರುವುದಿಲ್ಲ ಎಂದಿದ್ದಾಳೆ. ಅವಳಿಗೆ ಮುಂದುಗಡೆ ಬೇರೆ ಸೀಟು ಹಿಡಿಸಿದ್ದೇನೆ.

ಅಪ್ಪ